ಅಳು ಬರುವ ಬಡಿತ

ಎಪ್ಪತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ನಾವು ಏಳೆಂಟು ಜನ ಒಂದೊಂದು ಬಡಾವಣೆಗೆ ಹೋಗಿ ‘ನಡೆಯುವ ನಾಟಕ’ ಆಡುತ್ತಿದ್ದೆವು. ಒಂದು ತಿರುವಿನಲ್ಲಿ ಗೊಂಬೆಯಾಟ, ಮುಂದಿನದರಲ್ಲಿ ಕುಣಿತ, ಅದರಾಚೆ ಗೋಡೆಗೆ ತೂಗುಹಾಕಿದ ಚಿತ್ರದ ಬಟ್ಟೆ. ಜನ ನಮ್ಮ ಹಿಂದೆ ನಡೆದು ಬರಬೇಕು. ರಾಜಾಜಿನಗರದಲ್ಲಿ ಅರ್ಧ ದಾರಿಗೆ ತರಕಾರಿ ಕೊಳ್ಳಲು ನಿಂತುಬಿಟ್ಟರು. ಬಸವೇಶ್ವರನಗರದಲ್ಲಿ ಕೊನೆಯವರೆಗೂ ಬಂದದ್ದು ಎರಡು ನಾಯಿ. ಆದರೂ ನನ್ನ ಜಂಬಕ್ಕೇನೂ ಕಡಿಮೆಯಿರಲಿಲ್ಲ. ದಾವಣಗೆರೆಯಿಂದ ಬಂದ ಬ್ಯಾಂಕ್ ಗುಮಾಸ್ತ ನಾನು, ಹಳ್ಳಿಯ ಸಮಾಚಾರವೆಲ್ಲ ಬಲ್ಲವನ ಹಾಗೆ ಮಾತಾಡುತ್ತಿದ್ದೆ.

ಆಟ ಕಟ್ಟಿದವನು ನನ್ನ ಗೆಳೆಯ, ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು, ಅತ್ತಿಗುಪ್ಪೆಯ ಕಡೆಯ ರೈತರ ಮನೆಯವನು. ಅವನ ಊರಿನ ಕೆರೆ ಮುಚ್ಚಿ ಸೈಟು ಮಾಡಲಿದ್ದರು. ನಾವು ಅಲ್ಲಿ ಆಡಿದ ಭಾನುವಾರದ ಮರುದಿನವೇ ತಕರಾರು ಅರ್ಜಿಗೆ ಕಡೆಯ ದಿನ. ಒಬ್ಬೊಬ್ಬರೇ ಸಹಿ ಹಾಕಲು ಹೆದರುತ್ತಿದ್ದರು; ಊರೆಲ್ಲ ಒಟ್ಟಿಗೆ ಕೆರೆಯ ಏರಿಗೆ ಬಂದರೆ ಹಾಕುತ್ತಾರೆಂದು ಅವನ ನಂಬಿಕೆ. “ನಾಟಕ ಮನೆ ಮುಂದೆ ಬರ್ಲಿ, ಇಡೀ ಬೀದೀನೇ ಕರ್ಕೊಂಡ್ ಬರ್ತೀನಿ” ಎಂದು ಅವನ ತಾಯಿ ಮಾತು ಕೊಟ್ಟಿದ್ದರು. ಗೆಳೆಯ ಕೆರೆಯ ವೇಷ ಹಾಕಿಕೊಂಡು, ಅರ್ಜಿ ಹಿಡಿದು, ಏರಿಯ ಮೇಲೆ ಕಾಯುತ್ತಿದ್ದ.

ಊರು ಹತ್ತಿರವಾದಾಗ, ಹೊಸಹಳ್ಳಿಯಿಂದ ಅಂದೇ ಕರೆತಂದಿದ್ದ ತಮಟೆಯವರಿಗೆ ಹೇಳಿದೆ: “ಯಜಮಾನ್ರೇ, ಇಲ್ಲಿಂದ ಅಳು ಬರೋ ಹಾಗೆ ಬಾರ್ಸಿ.”

ಅವರು ನನ್ನ ಮುಖ ನೋಡಿದರು. “ಬಾರ್ಸೇ ಬಿಡ್ಲಾ ಸಾರ್?”

“ಬಾರ್ಸಿ.”

ಬೀದಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ತಿರುಗಿ ನೋಡಿದರೆ, ನಾವು ದಾಟಿದ ಮನೆಗಳ ಮುಂದೆ ಹೆಂಗಸರು ತಲೆ ತಗ್ಗಿಸಿ ನೀರು ಹಾಕಿ ಒಳಗೆ ಹೋಗುತ್ತಿದ್ದರು. ದೇವರ ಉತ್ಸವಕ್ಕೆ ಹಾಕುವ ಹಾಗೆ ನಮಗೂ ಹಾಕುತ್ತಿದ್ದಾರೆಂದು ಹಿಗ್ಗಿದೆ. ಸೀರೆ ಬದಲಾಯಿಸಿಕೊಂಡು ಹಿಂದೆಯೇ ಬರುತ್ತಾರೆ ಎಂದುಕೊಂಡೆ.

ಏರಿಯ ಮೇಲೆ ನೀಲಿ ಬಟ್ಟೆ ಸುತ್ತಿಕೊಂಡು ನಿಂತಿದ್ದ ಗೆಳೆಯನ ಮುಖ ಬಿಳಿಚಿತ್ತು. “ಯಾರೋ ಹೋಗಿದ್ದು?” ಎಂದ.

ಅದು ಹೆಣದ ಮುಂದೆ ಬಾರಿಸುವ ಬಡಿತ. ಹೆಣ ದಾಟುವವರೆಗೆ ಬಾಗಿಲು ಹಾಕಿ, ದಾಟಿದ ಮೇಲೆ ಅಂಗಳಕ್ಕೆ ನೀರು ಹಾಕುವುದು ಆ ಊರಿನ ರೂಢಿ. ನಮ್ಮ ಮನೆಗಳಲ್ಲಿ ಸತ್ತವರ ಮುಂದೆ ಭಜನೆ ಹೋಗುತ್ತದೆ. ತಮಟೆಯ ಮಾತು ನನಗೇನು ಗೊತ್ತು?

“ಅಳು ಬರಕ್ಕೆ ನಮ್ ತಮಟೇಲಿ ಇರೋದು ಅದೊಂದೇ ಸಾರ್” ಎಂದರು ಯಜಮಾನರು.

ಆ ಸಂಜೆ ಮನೆಮನೆಗೂ ಹೋಗಿ ಅಂಗಲಾಚಿದೆವು. ಸಾವಿನ ಬಡಿತ ಕೇಳಿದ ದಿನ ಕಾಗದ ಮುಟ್ಟುವುದಿಲ್ಲ ಎಂದರು. ಕೆಲವರು ಬೈದರು. ಒಂದು ಸಹಿಯೂ ಆಗಲಿಲ್ಲ. ಕೆರೆಯಿದ್ದಲ್ಲಿ ಈಗ ಮೂರಂತಸ್ತಿನ ಮನೆಗಳಿವೆ. ಸಹಿಯಾಗಿದ್ದರೂ ಉಳಿಯುತ್ತಿರಲಿಲ್ಲವೆಂದು ಗೆಳೆಯ ಆಮೇಲೆ ಎಷ್ಟೋ ಸಲ ಹೇಳಿದ. ನನ್ನ ಸಮಾಧಾನಕ್ಕೆ ಹೇಳಿದ್ದು ಅದು. ಸಮಾಧಾನ ಆಗಲಿಲ್ಲ.

ಅಂದು ನಾವು ಮೊದಲು ಹೋದದ್ದು ಅವನ ಮನೆಗೇ. ಅಂಗಳ ಇನ್ನೂ ಒದ್ದೆಯಾಗಿತ್ತು. ಅವನ ತಾಯಿ ಹೊಸ ಸೀರೆಯುಟ್ಟು ಜಗಲಿಯ ಮೇಲೆ ಕೂತಿದ್ದರು.

“ಎಲ್ರೂ ಕಾಯ್ತಾ ಇದ್ವಲ್ಲಪ್ಪ” ಎಂದರು. “ಮಧ್ಯದಲ್ಲಿ ಯಾರದೋ ಹೆಣ ಹೋಯ್ತು, ಪಾಪ. ನಿಮ್ ನಾಟಕ ಯಾಕ್ ಬರ್ಲೇ ಇಲ್ಲ?”