ಹರಿಯದ ದೊಯ್ರಾ

ಮರ್ಗಿಲಾನ್ ಪೇಟೆಯಲ್ಲಿ ವಾದ್ಯದ ಅಂಗಡಿ ಇಟ್ಟಿರುವ ಇಸ್ಮತ್‌ಗೆ ಒಂದು ಭ್ರಮೆಯಿತ್ತು. ತಾಷ್ಕೆಂಟಿನ ಎಲ್ಮುರೋದ್ ಟಿವಿಯಲ್ಲಿ ಯಾವ ದೊಯ್ರಾ ಬಾರಿಸುತ್ತಾನೋ ಅದನ್ನೇ ಊರವರೆಲ್ಲ ಮುಗಿಬಿದ್ದು ಕೊಳ್ಳುತ್ತಾರೆ ಎಂಬುದು ಆ ಭ್ರಮೆ. ಅದಕ್ಕಾಗಿ ಅಂಗಡಿಯ ಒಂದು ಗೋಡೆಯನ್ನೇ ಬಿಟ್ಟುಕೊಟ್ಟಿದ್ದ. ಬಾಗಿಲಷ್ಟು ದೊಡ್ಡ ಚಿತ್ರ. ಎಲ್ಮುರೋದ್ ತಮಟೆಯಂಥ ದೊಯ್ರಾವನ್ನು ತಲೆಯ ಮೇಲಕ್ಕೆತ್ತಿ ಹಲ್ಲು ಕಿರಿದಿದ್ದಾನೆ, ಕೆಳಗೆ ‘ನನ್ನ ಕೈಗೆ ಇದೇ’ ಎಂದು ಬರೆದಿದೆ. ಚರ್ಮದ ಬದಲು ಪ್ಲಾಸ್ಟಿಕ್ ಬಿಗಿದ ದೊಯ್ರಾ ಅದು. ಬೆಂಕಿಗೆ ಹಿಡಿದು ಬಿಸಿ ಮಾಡುವ ಗೋಜಿಲ್ಲ, ಹರಿಯುವ ಮಾತೇ ಇಲ್ಲ. ಚಳಿಗಾಲ ಪೂರ್ತಿ ಹೆಂಗಸರು ಬಂದರು, ಚಿತ್ರ ನೋಡಿದರು, ಮೀಸೆ ಚೆನ್ನಾಗಿದೆ ಎಂದರು, ತಮ್ಮ ಹಳೇ ಚರ್ಮದ ದೊಯ್ರಾದ ಒಳಗೆ ತೂಗಿಸಲು ನಾಲ್ಕು ಕಬ್ಬಿಣದ ಉಂಗುರ ಕೊಂಡು ಹೊರಟುಹೋದರು. ಪ್ಲಾಸ್ಟಿಕ್ಕಿನದು ಒಂದೂ ಜಾಗ ಬಿಟ್ಟು ಕದಲಲಿಲ್ಲ.

ನವ್‌ರೋಜ್ ಹಬ್ಬ ಕಳೆದ ಮೇಲೆ ಬಶೋರತ್ ಹೋಗಿ ಒಂದನ್ನು ಕೊಂಡಳು. ಏಪ್ರಿಕಾಟ್ ಹಣ್ಣಾಗುವಷ್ಟರಲ್ಲಿ ಇಸ್ಮತ್‌ನ ಅಂಗಡಿ ಬರಿದಾಗಿತ್ತು. ಮುಂದಿನ ಕುರಿ ಹಳ್ಳಕ್ಕೆ ಹಾರಿದರೆ ಹಿಂದಿನವು ಹಳ್ಳದ ಆಳ ನೋಡುತ್ತವೆಯೇ?

ಬಶೋರತ್ ನಮ್ಮ ಊರಿನ ಹೆಂಗಸರ ಮದುವೆ ಕೂಟಗಳಲ್ಲಿ ದೊಯ್ರಾ ಬಾರಿಸಿ ಹಾಡುವವಳು. ನಾನು ರಿಸೋಲತ್, ಅವಳ ಎರಡನೆಯ ದನಿ. ಬೆರಳ ಸಂದಿಯಲ್ಲಿ ಪಿಂಗಾಣಿ ತಟ್ಟೆಗಳನ್ನು ಹಿಡಿದು ತಾಳ ಹಾಕುವುದೂ ನನ್ನ ಕೆಲಸ. ಹುಡುಗಿಯರಾಗಿದ್ದಾಗಿನಿಂದ ಜೊತೆಗಿದ್ದೇವೆ. ಅವಳು ದೊಡ್ಡ ಹಾಡುಗಾರ್ತಿ. ಅಷ್ಟೇ ದೊಡ್ಡ ಪುಕ್ಕಲಿ ಕೂಡ. ಎರಡನೆಯದು ನನ್ನೊಬ್ಬಳಿಗೇ ಗೊತ್ತಿತ್ತು.

ಸರಕು ಖಾಲಿಯಾದ ಖುಷಿಗೆ ಇಸ್ಮತ್ ಹಲ್ವಾ ಹಿಡಿದುಕೊಂಡು ಅವಳ ಮನೆಗೇ ಬಂದ.

“ಅಕ್ಕಾ, ಆ ತಾಷ್ಕೆಂಟಿನ ಮೀಸೆಯವನನ್ನ ಕಿತ್ತು ಬಿಸಾಕ್ತೀನಿ. ಅಲ್ಲಿ ನಿಮ್ಮ ಫೋಟೋ ಹಾಕ್ತೀನಿ. ಒಳ್ಳೇ ರೇಷ್ಮೆ ಅಂಗಿ ಹಾಕ್ಕೊಂಡು ಬನ್ನಿ, ಉಳಿದದ್ದು ನಾನು ನೋಡ್ಕೋತೀನಿ.”

ಬಶೋರತ್‌ಳ ಮುಖ ಬಿಳಿಚಿಕೊಂಡಿತು. “ಬೇಡ ಕಣೋ. ಯಾಕೆ ಕೊಂಡೆ ಅಂತ ಯಾರಾದ್ರೂ ಕೇಳಿದ್ರೆ?”

“ದನಿ ಚೆನ್ನಾಗಿದೆ ಅನ್ನಿ.”

“ತಗಡಿನ ಡಬ್ಬ ಬಡಿದ ಹಾಗಿದೆಯಲ್ಲೋ ದನಿ!”

“ಮತ್ತೆ ಕೊಂಡಿದ್ದಾದ್ರೂ ಯಾಕೆ ನನ್ನಕ್ಕಾ?”

ಅವಳು ಅವನ ಬಟ್ಟಲಿಗೆ ಚಹಾ ಬಗ್ಗಿಸಿದಳು. ಬಟ್ಟಲು ತುಂಬಿ ಚೆಲ್ಲಿತು.

ಯಾಕೆ ಕೊಂಡಳೆಂದು ನಾನು ಹೇಳುತ್ತೇನೆ. ಅವಳ ತಾಯಿ ಈ ಕಣಿವೆಗೇ ಹೆಸರಾದ ಹಾಡುಗಾರ್ತಿ. ಇಪ್ಪತ್ತು ವರ್ಷಕ್ಕೂ ಹಿಂದೆ, ತಾಯಿ ತೀರಿಕೊಂಡ ವರ್ಷ, ಬಶೋರತ್ ಮೊದಲ ಬಾರಿಗೆ ನನ್ನೊಬ್ಬಳನ್ನೇ ಕರೆದುಕೊಂಡು ಒಂದು ಕೆಲಿನ್ ಸಲಾಂ ನಡೆಸಲು ಹೋದಳು. ಮದುವೆಯ ಮರುದಿನ ಬೆಳಿಗ್ಗೆ ಮುಸುಕು ಹೊದ್ದ ಹೊಸ ಸೊಸೆ ಅಂಗಳದಲ್ಲಿ ನಿಲ್ಲುತ್ತಾಳೆ, ಹಾಡುಗಾರ್ತಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ಹಾಡಿದಂತೆ ಬಾಗಿ ಬಾಗಿ ಸಲಾಂ ಮಾಡುತ್ತಾಳೆ. ಆವತ್ತಿನ ಸೊಸೆ ಓಯ್ದಿನ್ ಎಂಬ ಹುಡುಗಿ. ಮನೆ ಇದ್ದದ್ದು ಹಿಪ್ಪುನೇರಳೆ ಓಣಿಯಲ್ಲಿ. ಅತ್ತೆಯ ಹೆಸರು ಹಾಡಿ ಬಶೋರತ್ ಅಂಗೈ ಬೀಸಿ ಹೊಡೆದಳು ನೋಡಿ, ದೊಯ್ರಾದ ಚರ್ಮ ಈ ಅಂಚಿನಿಂದ ಆ ಅಂಚಿಗೆ ಫಟ್ಟೆಂದು ಹರಿಯಿತು.

ಸಲಾಮಿನ ಹೊತ್ತಿಗೆ ದೊಯ್ರಾ ಹರಿಯುವುದು ಅಪಶಕುನ. ಬಶೋರತ್ ದೊಯ್ರಾವನ್ನು ಅಲ್ಲೇ ಬಿಸಾಡಿ, ಒಂದು ಚಪ್ಪಲಿಯನ್ನೂ ಬಿಟ್ಟು ಓಡಿದಳು. ತಟ್ಟೆ ಹಿಡಿದುಕೊಂಡೇ ನಾನು ಅವಳ ಹಿಂದೆ ಓಡಿದೆ. ಇಬ್ಬರೂ ತಿರುಗಿ ನೋಡಲಿಲ್ಲ. ಆಮೇಲೆ ಓಯ್ದಿನ್‌ಳ ಗಂಡ ಕೂಲಿಗೆಂದು ರಷ್ಯಾಕ್ಕೆ ಹೋದವನು ಪೆಟ್ಟಿಗೆಯಲ್ಲಿ ಊರಿಗೆ ಬಂದ. ತೊಟ್ಟಿಲಲ್ಲಿ ಮಗನಿದ್ದ. ಸುದ್ದಿ ಕೇಳಿದ ದಿನ ಬಶೋರತ್ ತನ್ನ ಬಲ ಅಂಗೈಯನ್ನು ಹುಚ್ಚಿಯ ಹಾಗೆ ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದಳು. ‘ನಾನೇ ಕೊಂದೆ ಕಣೇ’ ಎಂದಳು. ನನಗೂ ಹೆದರಿಕೆಯಾಯಿತು, ಅಲ್ಲವೆನ್ನಲು ಬಾಯಿ ಬರಲಿಲ್ಲ.

ಅಂದಿನಿಂದ ಅವಳು ಹಿಪ್ಪುನೇರಳೆ ಓಣಿಗೆ ಕಾಲಿಡಲಿಲ್ಲ. ಪೇಟೆಗೆ ಹೋಗಬೇಕಾದರೆ ಮಸೀದಿಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಮದುವೆಗೆ ಹೊರಟರೆ ಹೆಗಲಿಗೆ ಎರಡು ದೊಯ್ರಾ. ಹರಿದೀತೆಂದು ಎಂದೂ ಗಟ್ಟಿಯಾಗಿ ಹೊಡೆಯುತ್ತಿರಲಿಲ್ಲ, ಬೆರಳ ತುದಿಯಲ್ಲಿ ಸವರಿದಂತೆ ಬಾರಿಸುತ್ತಿದ್ದಳು. ಜನ ಏನೆಂದರು ಗೊತ್ತೇ? ‘ಅಬ್ಬಾ, ಎಂಥ ನಯ, ಎಂಥ ವಿನಯ!’ ಎಂದರು. ಎರಡು ವರ್ಷದೊಳಗೆ ಕಣಿವೆಯ ಹೆಂಗಸರೆಲ್ಲ ಬೆಕ್ಕಿಗೆ ಎಣ್ಣೆ ಹಚ್ಚುವವರ ಹಾಗೆ ದೊಯ್ರಾ ಸವರತೊಡಗಿದರು. ಅವಳ ಹೆದರಿಕೆ ಊರಿನ ಶೈಲಿಯಾಯಿತು. ಹಾಗಿರುವಾಗ ಇಸ್ಮತ್‌ನ ಅಂಗಡಿಯಲ್ಲಿ ಅವಳು ಎಲ್ಮುರೋದನ ಮುಖವನ್ನು ನೋಡಲೇ ಇಲ್ಲ. ‘ಹರಿಯುವುದಿಲ್ಲ’ ಎಂಬ ಒಂದೇ ಮಾತು ಅವಳ ಕಿವಿಗೆ ಬಿದ್ದದ್ದು.

ದಾಳಿಂಬೆ ಕೊಯ್ಲಿನ ಕಾಲಕ್ಕೆ ಒಂದು ಮಧ್ಯಾಹ್ನ ಬಶೋರತ್‌ಳ ಬಾಗಿಲು ಸದ್ದಾಯಿತು. ತೆರೆದರೆ ಓಯ್ದಿನ್. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಬಶೋರತ್ ಗೋಡೆ ಹಿಡಿದುಕೊಂಡಳು. ನಾನೇ ಎದ್ದು ಒಳಗೆ ಕರೆದೆ.

“ಭಾನುವಾರ ನನ್ನ ಮಗನ ಮದುವೆ,” ಎಂದಳು ಓಯ್ದಿನ್. “ಸೋಮವಾರ ಬೆಳಿಗ್ಗೆ ಸಲಾಂ. ನೀನು ಬಂದು ಹಾಡ್ಬೇಕು.”

“ಬೇರೆ ಯಾರನ್ನಾದ್ರೂ ಕರಿ ಓಯ್ದಿನ್. ನನ್ನ ಗಂಟಲು ಸರಿಯಿಲ್ಲ.”

“ಬೇರೆಯವ್ರು ಆಗಲ್ಲ. ನಮ್ಮ ಹೊಸ್ತಿಲು ಕೆಟ್ಟದ್ದು ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಎರಡು ಸಂಬಂಧ ಅದಕ್ಕೇ ಮುರಿದುಹೋಯ್ತು. ಈ ಹುಡುಗಿ ತಾಯಿ ಒಂದೇ ಮಾತು ಹೇಳಿದಾಳೆ. ಬಶೋರತ್ ಬಂದು ಹಾಡಿದ್ರೆ ಮಗಳನ್ನ ಆ ಮನೇಲಿ ಬಿಡ್ತೀನಿ, ಹಾಡದಿದ್ರೆ ಅವತ್ತೇ ಕರ್ಕೊಂಡು ಹೋಗ್ತೀನಿ ಅಂತ.”

ಓಯ್ದಿನ್ ರೊಟ್ಟಿ ಮುರಿದು ಅರ್ಧವನ್ನು ಮುಂದೆ ಹಿಡಿದಳು. ಮುರಿದ ರೊಟ್ಟಿಗೆ ನಮ್ಮಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ. ಬಶೋರತ್ ತೆಗೆದುಕೊಂಡಳು. ಓಯ್ದಿನ್ ಹೋದ ಮೇಲೂ ಆ ತುಂಡನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕೂತಿದ್ದಳು.

“ಹರಿದ್ರೆ?” ಎಂದಳು.

“ಪ್ಲಾಸ್ಟಿಕ್ ಕಣೇ ಅದು. ಹಸು ಹತ್ತಿ ಕುಣಿದ್ರೂ ಹರಿಯಲ್ಲ.”

“ಹೌದಲ್ವಾ? ಹರಿಯಲ್ಲ ಅಲ್ವಾ?”

ಆ ವಾರವೆಲ್ಲ ಇದೇ ಪ್ರಶ್ನೆ. ಹೆಬ್ಬೆರಳಿಂದ ಒತ್ತಿ ನೋಡುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ನನ್ನನ್ನು ಕೇಳುವುದು. ಎರಡನೆಯ ದೊಯ್ರಾವನ್ನು ಮನೆಯಲ್ಲೇ ಬಿಡುತ್ತೇನೆ ಎಂದಳು. ಹರಿಯದ ದೊಯ್ರಾದ ಜೊತೆ ಇನ್ನೊಂದನ್ನು ಒಯ್ದರೆ ಕೇಡನ್ನು ಕೈ ಬೀಸಿ ಕರೆದಂತೆ ಎಂದು ಅವಳ ಲೆಕ್ಕ. ನಾನು ಹೂಂ ಎಂದೆ. ಹೂಂ ಎನ್ನದೆ ಏನು ಮಾಡಲಿ, ವಾರದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಚಳಿ ಬಿದ್ದಿತ್ತು. ಹಿಪ್ಪುನೇರಳೆ ಓಣಿಯ ತಿರುವಿನಲ್ಲಿ ಬಶೋರತ್ ನಿಂತುಬಿಟ್ಟಳು. ನಾನು ಕೈ ಹಿಡಿದೆ. ಹಿಮದಲ್ಲಿ ಅದ್ದಿ ತೆಗೆದಂತಿತ್ತು ಆ ಕೈ. ಅಂಗಳದಲ್ಲಿ ಕಂಬಳಿ ಹಾಸಿ ಹೆಂಗಸರು ಕಿಕ್ಕಿರಿದು ಕೂತಿದ್ದರು. ಪಲೋವ್‌ನ ಘಮ, ದೃಷ್ಟಿ ತೆಗೆಯಲು ಕೆಂಡದ ಮೇಲೆ ಸುರಿದ ಇಸಿರಿಕ್ ಸೊಪ್ಪಿನ ಹೊಗೆ. ಹುಡುಗಿಯ ತಾಯಿ ಎದುರಿಗೇ ಕೂತು ಬಶೋರತ್‌ಳ ಕೈಗಳನ್ನೇ ನೋಡುತ್ತಿದ್ದಳು. ಸೊಸೆಯನ್ನು ಕರೆತಂದು ನಿಲ್ಲಿಸಿದರು. ಬಿಳಿ ಮುಸುಕಿನ ಅಂಚು ಸಣ್ಣಗೆ ನಡುಗುತ್ತಿತ್ತು. ಇವಳೂ ಹೆದರಿದ್ದಾಳೆ, ಪಾಪ, ಎಂದುಕೊಂಡೆ.

ನಾನು ಬಾಗಿ ತಟ್ಟೆಗಳನ್ನು ಚೀಲದಿಂದ ತೆಗೆಯುತ್ತಿದ್ದೆ. ಬಶೋರತ್ ಎದ್ದು ಕೆಂಡದ ಬಳಿಗೆ ಹೋದದ್ದು ನನಗೆ ಕಾಣಲಿಲ್ಲ. ಚಳಿಯ ಬೆಳಿಗ್ಗೆ ಬಾರಿಸುವ ಮೊದಲು ದೊಯ್ರಾವನ್ನು ಕೆಂಡಕ್ಕೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುವುದು ನಮ್ಮ ಕೈಗೆ ಅಂಟಿದ ಕೆಲಸ. ಅವಳ ತಾಯಿ ಮಾಡುತ್ತಿದ್ದಳು, ಅಜ್ಜಿ ಮಾಡುತ್ತಿದ್ದಳು. ಪ್ಲಾಸ್ಟಿಕ್ಕಿನದು ಬಂದಂದಿನಿಂದ ಬರೀ ಬೇಸಿಗೆ, ಬೆಂಕಿಯ ನೆನಪೇ ಆಗಿರಲಿಲ್ಲ. ಹೆದರಿಕೆಯಲ್ಲಿ ತಲೆ ಕೆಲಸ ಮಾಡುವುದಿಲ್ಲ, ಕೈ ತನಗೆ ಗೊತ್ತಿದ್ದನ್ನು ಮಾಡುತ್ತದೆ. ಕೆಟ್ಟ ವಾಸನೆ ಮೂಗಿಗೆ ಬಡಿದು ನಾನು ತಲೆಯೆತ್ತಿದೆ.

“ಬಶೋರತ್! ತೆಗಿಯೇ!”

ಹೊತ್ತು ಮೀರಿತ್ತು. ಎಲ್ಮುರೋದನ ಹರಿಯದ ದೊಯ್ರಾ ಬಿಸಿ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ನಡುವೆ ಬಟ್ಟಲಿನ ಬಾಯಷ್ಟು ತೂತು ತೆರೆದುಕೊಂಡಿತು. ಆ ತೂತಿನೊಳಗಿಂದ ಬಶೋರತ್‌ಳ ಮುಖ ಕಾಣುತ್ತಿತ್ತು. ಅಂಥ ಮುಖ ನಾನು ಇನ್ನೊಮ್ಮೆ ನೋಡಲಾರೆ.

ಹಿಂದಿನ ಸಾಲಿನಿಂದ ಗುಸುಗುಸು ಎದ್ದಿತು.

“ಮತ್ತೆ ಅದೇ ಮನೆ.”

“ಅದೇ ಅಂಗಳ ಕಣ್ರೇ. ನನಗೆ ಆವತ್ತೇ ಗೊತ್ತಿತ್ತು.”

ಹುಡುಗಿಯ ತಾಯಿ ಎದ್ದು ನಿಂತಳು. ಬಶೋರತ್‌ಳ ಕಣ್ಣು ಹೊರಬಾಗಿಲ ಮೇಲಿತ್ತು. ಒಂದು ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

“ರಿಸೋಲತ್, ನಡಿ. ಬೇಗ ನಡಿ.”

ಓಯ್ದಿನ್ ಅವಳನ್ನು ತಡೆಯಲಿಲ್ಲ. ಸರಸರನೆ ಒಳಗೆ ಹೋಗಿ ಗೋಡೆಯಿಂದ ಒಂದು ಹಳೇ ದೊಯ್ರಾ ಇಳಿಸಿಕೊಂಡು ಬಂದಳು. ಅದರ ಮರದ ಚೌಕಟ್ಟಿನಲ್ಲಿ ಸುಟ್ಟ ಕಪ್ಪು ಕಲೆಯೊಂದಿತ್ತು. ಬಶೋರತ್‌ಳ ತಾಯಿ ಒಮ್ಮೆ ಒಲೆಯ ತೀರಾ ಹತ್ತಿರ ಹಿಡಿದದ್ದರ ಗುರುತು. ನಾವು ಬಿಸಾಡಿ ಓಡಿಹೋದ ದೊಯ್ರಾ ಅದು.

“ನೀನು ಬಿಟ್ಟುಹೋದ ವಾರವೇ ಹೊಸ ಚರ್ಮ ಹಾಕಿಸ್ದೆ,” ಎಂದಳು ಓಯ್ದಿನ್. “ಇದನ್ನ ಬಾರಿಸಿಯೇ ಮಗನ್ನ ಆಡಿಸ್ದೆ. ನೀನು ತಗೊಂಡು ಹೋಗೋಕೆ ಬರ್ತೀಯ ಅಂತ ಕಾದೆ.”

“ನನ್ನ ಕೈಯಿಂದ ನಿನ್ನ ಮನೆ ಹಾಳಾಯ್ತಲ್ಲೇ. ಯಾವ ಮುಖ ಇಟ್ಕೊಂಡು ಬರ್ಲಿ?”

“ನಿನ್ನ ಕೈಯಿಂದ ಚರ್ಮ ಹರೀತು. ಚರ್ಮ ಅಂದ್ಮೇಲೆ ಹರಿಯುತ್ತೆ. ನಮ್ಮತ್ತೆ ನಗೋಕೆ ಶುರು ಮಾಡಿದ್ರು ಗೊತ್ತಾ? ತಮ್ಮ ಹೆಸರಿನ ಭಾರಕ್ಕೇ ಹರೀತು ಅಂತ. ಅಷ್ಟರಲ್ಲಿ ನೀನು ಓಡ್ದೆ. ನೀನು ಓಡಿದ್ದನ್ನ ನೋಡಿದ ಮೇಲೆ ಎಲ್ಲರೂ ನನ್ನ ಕಾಲು ನೋಡಿದ್ರು.”

ಬಶೋರತ್ ಆ ಸುಟ್ಟ ಕಲೆಯನ್ನೇ ನೋಡುತ್ತಿದ್ದಳು.

“ಅಂಥ ತಾಯಿಯ ಮಗಳೇ ಹೆದರಿ ಓಡಿದ್ಲು ಅಂದ್ರೆ ಈ ಸೊಸೆ ಕಾಲ್ಗುಣ ಎಂಥದ್ದಿರ್ಬೇಕು ಅಂದ್ರು. ನೀನು ಓಣಿಗೆ ಬರೋದು ಬಿಟ್ಟೆ, ಅವರೂ ಬಿಟ್ರು. ನೀನು ಏನು ಮಾಡಿದ್ರೂ ಅದನ್ನೇ ಮಾಡೋ ಊರು ಇದು. ಇವತ್ತೂ ಓಡ್ತೀಯಾ? ಓಡು. ಅಗೋ, ಅವಳ ಕಾಲು ನೋಡ್ತಾರೆ.”

ಎಲ್ಲರೂ ಸೊಸೆಯತ್ತ ತಿರುಗಿದರು. ಮುಸುಕಿನ ಕೆಳಗೆ ಕಸೂತಿಯ ಪಾದರಕ್ಷೆ ತೊಟ್ಟ ಎರಡು ಪುಟ್ಟ ಪಾದಗಳು ಒಂದರ ಹಿಂದೊಂದು ಅಡಗಲು ಹವಣಿಸುತ್ತಿದ್ದವು. ನನಗೆ ಅಳು ಬಂತು. ಇಷ್ಟು ವರ್ಷ ನಾವಿಬ್ಬರೂ ನಮ್ಮ ಹೆದರಿಕೆಯನ್ನೇ ಮುದ್ದು ಮಾಡುತ್ತ ಕೂತಿದ್ದೆವು, ಅದು ಯಾರ ಮನೆಯ ಅನ್ನ ತಿನ್ನುತ್ತಿದೆಯೆಂದು ಕೇಳಿರಲಿಲ್ಲ.

ಬಶೋರತ್ ಕೈ ಚಾಚಿದಳು. ದೊಯ್ರಾವನ್ನು ಕೆಂಡದ ಮೇಲೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಒಳಗಿನ ಉಂಗುರಗಳೆಲ್ಲ ಗಿಲಗಿಲ ಎನ್ನುತ್ತಿದ್ದವು.

“ಹರಿದ್ರೆ?” ಎಂದಳು ಮೆಲ್ಲಗೆ.

“ಹರಿದ್ರೆ ಕೂತ್ಕೋ,” ಎಂದಳು ಓಯ್ದಿನ್. “ಓಡ್ಬೇಡ. ಅಷ್ಟೇ.”

ಬಶೋರತ್ ನನ್ನ ಪಕ್ಕ ಕೂತಳು, ಹಾಡು ಶುರುವಾಯಿತು. ಅಜ್ಜಂದಿರಿಗೆ ಸಲಾಂ, ಮಾವಂದಿರಿಗೆ ಸಲಾಂ, ರಷ್ಯಾದಿಂದ ಪೆಟ್ಟಿಗೆಯಲ್ಲಿ ಬಂದವನಿಗೂ ಸಲಾಂ. ಹುಡುಗಿ ಬಾಗಿದಳು, ಎದ್ದಳು, ಮತ್ತೆ ಬಾಗಿದಳು. ಅವಳ ತಾಯಿ ಇನ್ನೂ ನಿಂತೇ ಇದ್ದಳು. ಕೊನೆಗೆ ಅತ್ತೆಯ ಸರದಿ, ಓಯ್ದಿನ್‌ಳ ಹೆಸರು. ಇಲ್ಲಿ ಬಶೋರತ್ ಬೆರಳಿಂದ ಸವರಿ ದಾಟಿಬಿಡಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ಹೆಸರನ್ನು ಗಟ್ಟಿಯಾಗಿ ಹಾಡಿ, ಹುಡುಗಿಯಾಗಿದ್ದಾಗ ಬೀಸಿದಂತೆಯೇ ಅಂಗೈ ಬೀಸಿದಳು.

ಫಟ್.

ಚರ್ಮಕ್ಕೂ ವಯಸ್ಸಾಗಿತ್ತಲ್ಲ. ಅಂಚಿನಿಂದ ಅಂಚಿಗೆ ಹರಿಯಿತು. ಯಾರದೋ ಕೈಯಿಂದ ಚಹಾ ಬಟ್ಟಲು ಬಿತ್ತು. ಬಶೋರತ್ ಬಾಗಿಲ ಕಡೆ ನೋಡಿದಳು. ಮತ್ತೆ ಆ ಪುಟ್ಟ ಪಾದಗಳನ್ನು ನೋಡಿದಳು. ಏಳಲಿಲ್ಲ.

“ಇವಳ ಹೆಸರಿನ ಭಾರ ನೋಡ್ರೇ! ಅತ್ತೆಗಿಂತ ಏನೂ ಕಡಿಮೆಯಿಲ್ಲ!” ಎಂದು ಕೂಗಿದಳು. ದನಿ ಒಡೆದಿತ್ತು. ಬರೀ ಚೌಕಟ್ಟನ್ನೇ ತಟ್ಟುತ್ತ, ಉಂಗುರ ಕುಲುಕುತ್ತ ಓಯ್ದಿನ್‌ಳ ಹೆಸರನ್ನು ಇನ್ನೊಮ್ಮೆ ಹಾಡಿದಳು. ನಾನು ತಟ್ಟೆಗಳನ್ನು ಒಡೆದೇಹೋಗುವಂತೆ ಬಡಿದೆ. ಮೊದಲು ನಕ್ಕವಳು ಮುಸುಕಿನೊಳಗಿನ ಹುಡುಗಿ. ಆಮೇಲೆ ಅಂಗಳವೇ ನಕ್ಕಿತು. ಅವಳ ತಾಯಿ ಕೂತು ಪಲೋವ್ ತಟ್ಟೆಗೆ ಕೈ ಹಾಕಿದಳು.

ಈಗ ಮರ್ಗಿಲಾನಿನಲ್ಲಿ ಹೊಸ ಮಾತೊಂದು ಹುಟ್ಟಿದೆ, ಸಲಾಮಿನಲ್ಲಿ ದೊಯ್ರಾ ಹರಿದರೆ ಅತ್ತೆ ಸೊಸೆ ಅನ್ಯೋನ್ಯವಾಗಿರುತ್ತಾರಂತೆ. ಹೆಂಗಸರು ರಟ್ಟೆ ಬೀಸಿ ಬಡಿಯುತ್ತಿದ್ದಾರೆ. ಇಸ್ಮತ್‌ಗೆ ಚರ್ಮ ಒದಗಿಸಿ ಸಾಕಾಗಿದೆ. ಮೀಸೆಯವನು ಗೋಡೆಯಿಂದ ಇಳಿದ. ಇಸ್ಮತ್ ಮತ್ತೆ ಫೋಟೋ ಕೇಳಿದಾಗ ಬಶೋರತ್, “ಓಯ್ದಿನ್ ಪಕ್ಕದಲ್ಲಿ ಕೂತ್ರೆ ಹಾಕ್ಕೋ,” ಎಂದಳು.

ಆ ಚಿತ್ರ ಈಗಲೂ ಅಲ್ಲಿದೆ. ಕೊಳ್ಳಲು ಬಂದವರು ಬಶೋರತ್‌ಳ ಕೈಯಲ್ಲಿರುವ ದೊಯ್ರಾವನ್ನು ನೋಡಿ ಅಂಥದ್ದೇ ಕೊಡು ಎನ್ನುತ್ತಾರೆ. ಅವಳ ಮುಖವನ್ನು ಸರಿಯಾಗಿ ನೋಡಿದವರು ಕಡಿಮೆ. ಆ ಮುಖದಲ್ಲಿ ಹೆದರಿಕೆ ಹಾಗೇ ಇದೆ, ಹೋಗಿಲ್ಲ. ಪಕ್ಕದಲ್ಲಿ ಓಯ್ದಿನ್ ಅವಳ ತೋಳನ್ನು ಬಿಗಿಯಾಗಿ ಹಿಡಿದು ಕೂತಿದ್ದಾಳೆ.