ಏಳು ಬ್ರೋಕರ್‌ಗಳ ಒಗ್ಗಟ್ಟು

ಮಂಡಿನೋವಿನಿಂದ ಗುಡ್ಡ ಹತ್ತಲಾಗದೆ, ಹೊಂಗಡಹಳ್ಳದ ಮೂರೆಕರೆ ಕಾಫಿ ತೋಟವನ್ನು ಕುಯ್ಲಿಗೆ ಮುಂಚೆಯೇ ಮಾರಿಬಿಡಬೇಕೆಂದು ಸಕಲೇಶಪುರದ ಬ್ರೋಕರ್ ಪುಟ್ಟಸ್ವಾಮಿಗೆ ಹೇಳಿದ್ದೆ. "ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಸಾರ್ ಇದು. ನಾವೀಗ ಬ್ರೋಕರ್‌ಗಳೆಲ್ಲ ಒಂದಾಗಿದ್ದೀವಿ" ಎಂದ.

ಭಾನುವಾರ ಎರಡು ಜೀಪುಗಳಲ್ಲಿ ಪುಟ್ಟಸ್ವಾಮಿಯೂ ಸೇರಿ ಏಳು ಜನ ಬಂದಿಳಿದರು. ಅವರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಮಾತಿಲ್ಲದೆ ಮುಂದೆ ನಡೆದರು. ಉಳಿದವರು ಅವರಿಗೆ ಕೊಂಬೆ ಸರಿಸಿ ದಾರಿ ಬಿಡುತ್ತಿದ್ದರು. ಕೊಳ್ಳುವವರು ಇವರೇ ಎಂದುಕೊಂಡು, ನೋವು ನುಂಗಿಕೊಂಡು ಅವರ ಜೊತೆಗೇ ಗುಡ್ಡ ಹತ್ತಿ ಕೆರೆ, ಬೇಲಿ, ಮೆಣಸಿನ ಬಳ್ಳಿ ಎಲ್ಲವನ್ನೂ ತೋರಿಸಿದೆ.

ಇಳಿದ ಮೇಲೆ ಎಲ್ಲರಿಗೂ ಕಾಫಿ ಕೊಟ್ಟು, "ಹೇಗನ್ನಿಸಿತು?" ಎಂದು ಬಿಳಿ ಅಂಗಿಯವರನ್ನು ಕೇಳಿದೆ.

"ಚೆನ್ನಾಗೈತೆ ಸಾರ್. ಪಾರ್ಟಿ ನೋಡಿದ್ ತಕ್ಷಣ ಒಪ್ಕೋತಾರೆ" ಎಂದರು. ಅವರು ಆಲೂರಿನ ಬ್ರೋಕರ್.

"ಪಾರ್ಟಿ ಯಾರು?"

ಏಳು ಜನವೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊಳ್ಳುವವರನ್ನು ಇನ್ನೊಬ್ಬ ಕರೆತರುತ್ತಾನೆಂದು ನಂಬಿ ಪ್ರತಿಯೊಬ್ಬನೂ ಬಂದಿದ್ದ.

"ಹೊರಡೋ ಮುಂಚೆ ಒಂದು ಮಾತು ಕೇಳಬಹುದಿತ್ತಲ್ಲ" ಎಂದೆ.

"ಹಂಗೆಲ್ಲ ಕೇಳಂಗಿಲ್ಲ ಸಾರ್" ಎಂದ ಪುಟ್ಟಸ್ವಾಮಿ. "ಪಾರ್ಟಿ ಯಾರು ಅಂತ ಕೇಳಿದ್ರೆ, ಇವನು ಎಗರಿಸೋಕೆ ನೋಡ್ತಾವ್ನೆ ಅಂದ್ಕೋತಾರೆ. ನಂಬಿಕೆ ಮೇಲೆ ನಡೀತಾ ಐತೆ ಇದೆಲ್ಲ."

ಕಮಿಷನ್ ಏಳು ಪಾಲಾಗುವುದು ಮಾತ್ರ ದಾರಿಯಲ್ಲೇ ತೀರ್ಮಾನವಾಗಿತ್ತಂತೆ. ಜೀಪು ಹತ್ತುವಾಗ ಪುಟ್ಟಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದ.

"ನಿಮ್ಗೆ ಯಾರಾದ್ರೂ ತಗೊಳ್ಳೋರು ಗೊತ್ತಿದ್ರೆ ಕರ್ಕೊಂಬನ್ನಿ ಸಾರ್. ಎಂಟನೇ ಪಾಲು ನಿಮ್ಗೇ."

ಆ ತೋಟದ ಬಾಬ್ತು ಇದುವರೆಗೆ ನನಗೆ ಬಂದಿರುವ ಆಫರ್ ಅದೊಂದೇ.