ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳು

ನೀವು ಕುಡಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವಳು ನಾನು. ಒಂದು ಸಲವಲ್ಲ, ಎರಡು ಸಲ. ಆರು ವರ್ಷ ಇದನ್ನು ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಸಿದ್ದಾಪುರದ ಎಸ್ಟೇಟಿನಲ್ಲಿ ನೀವು ಲೆಕ್ಕ ಬರೆಯುವ ರೈಟರ್. ಲೈನ್ ಮನೆಗಳ ಕೆಲಸಗಾರರನ್ನೆಲ್ಲ ಹಾಜರಿ ಪುಸ್ತಕ ನೋಡದೆಯೇ ಹೆಸರು ಹಿಡಿದು ಕರೆಯುತ್ತಿದ್ದವರು. ಬ್ರಾಂದಿ ಮೊದಮೊದಲು ಸಂಜೆಗೆ ಮಾತ್ರ ಬೇಕಿತ್ತು. ಆಮೇಲಾಮೇಲೆ, ಕೈ ನಡುಗದಿರಲೆಂದು, ಬೆಳಿಗ್ಗೆಗೂ.

ಕಾಫಿ ಕೊಯ್ಲಿನ ದಿನಗಳಲ್ಲಿ ಜೀಪಿನಿಂದ ಇಳಿಯುವಾಗ ಜಾರಿ ಬಿದ್ದಿರಿ. ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ನಿಗೆಂದು ಮೈಸೂರಿಗೆ ಕರೆದೊಯ್ದೆವು. ಅಲ್ಲಿ ಪಕ್ಕದ ಬೆಂಚಿನ ಹೆಂಗಸೊಬ್ಬಳು ನನ್ನ ಕೈಯಲ್ಲಿದ್ದ ವಿಮೆಯ ಕಾಗದ ನೋಡಿ, "ಕುಡಿತಾರೆ ಅಂತ ಮಾತ್ರ ಬರೆಸ್ಬೇಡಿ. ನಮ್ಮೋರಿಗೆ ಹಂಗೇ ಆಗಿ ಒಂದು ಕಾಸೂ ಕೊಡ್ಲಿಲ್ಲ" ಎಂದಳು.

ನರ್ಸ್ "ನಿಮ್ಮ ಯಜಮಾನ್ರು ಕುಡಿತಾರಾ?" ಎಂದು ಕೇಳಿದಾಗ "ಇಲ್ಲ" ಎಂದೆ. ನೀವು ಮದ್ದಿನ ಮಂಪರಿನಲ್ಲಿದ್ದಿರಿ. ಕೇಳಿಸಿತೋ ಏನೋ—

ಮೂರನೆಯ ದಿನ ನಿಮ್ಮ ಮೈಯೆಲ್ಲ ಬೆವರು. ಹೊದಿಕೆಯ ಮೇಲೆ ಇರುವೆ ಹರಿಯುತ್ತಿದೆಯೆಂದು ಕಿರುಚಿದಿರಿ. ಡಾಕ್ಟರು ನನ್ನನ್ನು ಹೊರಗೆ ಕರೆದರು. "ನಿಜ ಹೇಳಿ ಅಮ್ಮ, ಕುಡಿಯೋ ಅಭ್ಯಾಸ ಇದೆಯಾ?"

ಬೆಳಗಿನ ಗುಟುಕು ತಪ್ಪಿದರೆ ನಿಮಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ... ಮತ್ತೆ "ಇಲ್ಲ" ಎಂದೆ. ಅವರು ಸೋಂಕು ಹುಡುಕಿದರು, ತಲೆಯ ಸ್ಕ್ಯಾನ್ ಮಾಡಿಸಿದರು.

ಐದನೆಯ ದಿನ ನಿಮ್ಮ ಕಣ್ಣುಗುಡ್ಡೆಗಳು ನಿಲ್ಲದೆ ಅತ್ತಿತ್ತ ಓಡತೊಡಗಿದವು. ಆಗ ಡಾಕ್ಟರ ಕಾಲು ಹಿಡಿದು ನಿಜ ಹೇಳಿದೆ. ಅವರು ಬೈಯಲಿಲ್ಲ. ಕುಡಿಯುವವರಿಗೆ ಮೊದಲೇ ಕೊಡಬೇಕಾದ ವಿಟಮಿನ್ ಇಂಜೆಕ್ಷನ್ ಬರೆದುಕೊಡುತ್ತಾ, "ಮೊದಲ ದಿನವೇ ಹೇಳಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ವಿಮೆಯವರು ಕೊನೆಗೂ ಕೊಡಲಿಲ್ಲ.

ಕಾಲಿನ ಮೂಳೆ ಕೂಡಿತು. ನೆನಪು ಮಾತ್ರ ಹಿಂದಿರುಗಲಿಲ್ಲ. ಕುಡಿತವೇ ಅಣ್ಣನನ್ನು ತಿಂದಿತು ಎನ್ನುತ್ತಾನೆ ನಿಮ್ಮ ತಮ್ಮ ಸುರೇಶ. ನಾನು ಹೌದೆಂದು ತಲೆಯಾಡಿಸುತ್ತೇನೆ. ತಪ್ಪನ್ನೆಲ್ಲ ನಿಮ್ಮ ತಲೆಗೇ ಕಟ್ಟಿದ್ದೇನೆ.

ಗೇಟಿನ ಹತ್ತಿರ ಬರುವಾಗಲೇ "ಸರೂ" ಎಂದು ಕೂಗುತ್ತಿದ್ದಿರಲ್ಲ—ಕುಡಿದು ತೂರಾಡುತ್ತಾ ಬಂದರೂ ಸರಿ, ಆ ಕೂಗು ಇನ್ನೊಂದೇ ಒಂದು ಸಲ... ಸಂಜೆ ಒಲೆಯ ಮುಂದೆ ಕುಳಿತವಳು ಈಗಲೂ ಕಿವಿ ಕೊಡುತ್ತೇನೆ. ನೀವು ಒಳಗೇ ಇರುತ್ತೀರಿ, ನಾಲ್ಕು ಹೆಜ್ಜೆ ದೂರದಲ್ಲಿ.

ಭಾನುವಾರ ಸುರೇಶ ಬಂದಾಗ ಎಲ್ಲವನ್ನೂ ಹೇಳುವುದೆಂದು ನಿಶ್ಚಯಿಸಿದ್ದೇನೆ. ಆದರೆ ಮೊದಲು ನಿಮಗೆ ಹೇಳಬೇಕಿತ್ತು. ಇಂದು ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ನಿಮ್ಮ ಉಗುರು ಕತ್ತರಿಸುತ್ತಾ, ಏನನ್ನೂ ಬಿಡದೆ ಹೇಳಿದೆ. ನೀವು ಎಷ್ಟು ಗಮನವಿಟ್ಟು ಕೇಳಿದಿರಿ! ನನ್ನ ಕಣ್ಣಲ್ಲಿ ನೀರು ಕಂಡು ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಿರಿ.

"ಅಳ್ಬೇಡಿ ಅಕ್ಕ," ಎಂದಿರಿ. "ನಿಮ್ಮ ಯಜಮಾನ್ರು ಈಗ ಹೆಂಗಿದ್ದಾರೆ?"

ಇನ್ನೊಂದು ಕೈ ಕೊಡಿ ಎಂದೆ.